ಜೋಗತಿ, ಮಂಗಳಮುಖಿ, ಟ್ರಾನ್ಸ್, ಕ್ವೀರ್: ಬಳ್ಳಾರಿ ಸೀಮೆಯಲ್ಲಿ ಒಂದೇ ಹೆಸರು ಯಾಕೆ ಸಾಲಲ್ಲ?

2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲಿ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಬಂತು. ಊರಿನವರಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ಅವರು ಮೊದಲಿಂದಲೂ ಬಳ್ಳಾರಿ ಅಂತಲೇ ಕರೀತಿದ್ದರು. ತಡವಾಗಿ ಎಚ್ಚರಾಗಿದ್ದು ಕಾಗದ, ಊರಲ್ಲ. 1953ರವರೆಗೆ ಮದ್ರಾಸಿನ ಕೆಳಗಿದ್ದ ಜಿಲ್ಲೆ ಆಮೇಲೆ ಮೈಸೂರಿಗೆ ಸೇರಿತು, ಆ ಮೈಸೂರು 1973ರಲ್ಲಿ ಕರ್ನಾಟಕ ಆಯ್ತು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯ್ತು. ಬಳ್ಳಾರಿ ತಾಲ್ಲೂಕಿನೊಳಗಿದ್ದ ಕುರುಗೋಡು ಈಗ ತಾನೇ ಒಂದು ತಾಲ್ಲೂಕು. ಇಷ್ಟೆಲ್ಲ ಆದರೂ ‘ನೀವು ಆವತ್ತು ಹೇಳಿದ್ದೊಂದು, ಇವತ್ತು ಹೇಳೋದೊಂದು, ಇದೆಲ್ಲ ನಾಟಕ’ ಅಂತ ಊರಿಗೆ ಯಾರೂ ಬೈಯಲಿಲ್ಲ.

ಆದರೆ ಒಬ್ಬ ಮನುಷ್ಯ ತನ್ನ ಲಿಂಗತ್ವದ ಬಗ್ಗೆ, ತನ್ನ ಪ್ರೀತಿಯ ಬಗ್ಗೆ ಹೀಗೇ ಹೇಳಿದರೆ? ನಿನ್ನೆ ‘ಗೇ’ ಅಂದವರು ಇವತ್ತು ‘ಟ್ರಾನ್ಸ್’ ಅಂದರೆ, ಗುಡಿಯಲ್ಲಿ ಜೋಗತಿ ಆಗಿದ್ದವರು ಡಿಸಿ ಕಚೇರಿ ಅರ್ಜಿಯಲ್ಲಿ ‘ಟ್ರಾನ್ಸ್‌ಜೆಂಡರ್’ ಅಂತ ತುಂಬಿದರೆ, ಮನೆಯಲ್ಲಿ ಮಗ, ಗೆಳೆಯರ ನಡುವೆ ಅಕ್ಕ ಆದರೆ ಮೊದಲು ಬರೋ ಪ್ರಶ್ನೆ ಒಂದೇ: ‘ಹಾಗಾದ್ರೆ ನೀನು ನಿಜವಾಗ್ಲೂ ಏನು?’

ಈ ಪ್ರಶ್ನೆಗೆ ಉತ್ತರಿಸುವ ಮುಂಚೆ, ಹೆಸರುಗಳು ಎಲ್ಲಿಂದ ಬಂದವು, ಯಾರು ಕೊಟ್ಟರು, ಅದರಿಂದ ಯಾರಿಗೆ ಏನು ಸಿಕ್ತು ಅಂತ ನೋಡೋಣ. ಅದಕ್ಕೆ ನ್ಯೂಯಾರ್ಕಿಗೆ ಹೋಗಬೇಕಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸುತ್ತಿದರೆ ಸಾಕು.

ಮೊದಲು ಮೂರು ಪದ ಬೇರೆ ಮಾಡ್ಕೊಳ್ಳೋಣ

ಕನ್ನಡದ ‘ಲಿಂಗ’ ಅನ್ನೋ ಪದದ ಮೇಲೆ ಹೊರೆ ಜಾಸ್ತಿ. ದೇಹದ ಅಂಗವೂ ಲಿಂಗ, ವ್ಯಾಕರಣದಲ್ಲೂ ಲಿಂಗ, ಕೊರಳಲ್ಲಿ ಕಟ್ಟಿಕೊಳ್ಳೋದೂ ಲಿಂಗ. ಹಾಗಾಗಿ ಗೊಂದಲ ಸಹಜ.

ಲಿಂಗ: ಹುಟ್ಟಿದಾಗ ದೇಹ ನೋಡಿ ಬರೆಯುವುದು. ಎಲ್ಲ ದೇಹಗಳೂ ಎರಡೇ ಖಾನೆಯಲ್ಲಿ ಕೂರಲ್ಲ. ಹಾಗೆ ಕೂರದ ದೇಹದೊಂದಿಗೆ ಹುಟ್ಟಿದವರನ್ನು ಅಂತರಲಿಂಗಿ ಅಂತಾರೆ.

ಲಿಂಗತ್ವ: ನಾನು ಹೆಣ್ಣು, ಗಂಡು, ಎರಡೂ, ಎರಡೂ ಅಲ್ಲ ಅಂತ ಒಬ್ಬರು ತಮ್ಮೊಳಗೆ ಅರಿತಿರೋದು, ಹಾಗೆ ಬದುಕೋದು.

ಲೈಂಗಿಕತೆ: ಯಾರ ಕಡೆ ಮನಸ್ಸು, ದೇಹ ವಾಲುತ್ತೆ ಅನ್ನೋದು.

ಮೂರೂ ಬೇರೆ ಬೇರೆ. ಒಬ್ಬ ಟ್ರಾನ್ಸ್ ಮಹಿಳೆ ಗಂಡಸನ್ನು ಪ್ರೀತಿಸಬಹುದು, ಹೆಂಗಸನ್ನು ಪ್ರೀತಿಸಬಹುದು, ಯಾರನ್ನೂ ಬಯಸದೆಯೂ ಇರಬಹುದು. ನಮ್ಮ ಮಾಧ್ಯಮಗಳಲ್ಲಿ ‘ಉಭಯಲಿಂಗಿ’ ಅನ್ನೋ ಪದ ಒಮ್ಮೆ ಅಂತರಲಿಂಗಿಗೆ, ಒಮ್ಮೆ ಇಬ್ಬರ ಕಡೆಯೂ ಒಲವಿರುವವರಿಗೆ ಬಳಕೆಯಾಗುತ್ತೆ. ‘ಲೈಂಗಿಕ ಅಲ್ಪಸಂಖ್ಯಾತರು’ ಮತ್ತು ‘ಲಿಂಗತ್ವ ಅಲ್ಪಸಂಖ್ಯಾತರು’ ಒಂದೇ ಎಂಬಂತೆ ಅಚ್ಚಾಗುತ್ತವೆ. ಹೀಗಾದಾಗ ಮಾಹಿತಿ ತಪ್ಪುತ್ತೆ, ಮಾತಾಡುತ್ತಿರುವ ವ್ಯಕ್ತಿಯೂ ಕಾಣೆಯಾಗ್ತಾರೆ.

ಕಲ್ಲುಕಂಬದಿಂದ ರಾಷ್ಟ್ರಪತಿ ಭವನಕ್ಕೆ

ಈ ಸೀಮೆಯ ಅತ್ಯಂತ ಪರಿಚಿತ ಹೆಸರು ಮಂಜಮ್ಮ ಜೋಗತಿ. ಹುಟ್ಟೂರು ಕುರುಗೋಡು ತಾಲ್ಲೂಕಿನ ಕಲ್ಲುಕಂಬ. ಮನೆಯವರು ಇಟ್ಟ ಹೆಸರು ಮಂಜುನಾಥ. ಹದಿಹರೆಯದಲ್ಲಿ ತಾನು ಹುಡುಗಿ ಅನ್ನೋದು ಅವರಿಗೆ ಸ್ಪಷ್ಟವಾಯ್ತು. ಮನೆಯವರಿಗೆ ಆಗ ತಿಳಿದಿದ್ದ ದಾರಿ ತುಂಗಭದ್ರೆ ದಂಡೆಯ ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸೋದು. ಕಟ್ಟಿಸಿದ ಮೇಲೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ವಿಷ ಕುಡಿದು ಬದುಕುಳಿದಿದ್ದು, ಹೊಟ್ಟೆಪಾಡಿಗೆ ಇಡ್ಲಿ ಮಾರಿದ್ದು ಎಲ್ಲವನ್ನೂ ಅವರೇ ಹೇಳಿಕೊಂಡಿದ್ದಾರೆ. ಕಾಳವ್ವ ಜೋಗತಿಯವರಿಂದ ಜೋಗತಿ ಕುಣಿತ, ಎಲ್ಲಮ್ಮನ ಆಟ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಟ್ರಾನ್ಸ್ ಮಹಿಳೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದ ವಿಡಿಯೋ ನೀವೂ ನೋಡಿರ್ತೀರಿ.

ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ಬರಹಕ್ಕಿಳಿಸಿದ ಪುಸ್ತಕದ ಹೆಸರು ‘ನಡುವೆ ಸುಳಿವ ಹೆಣ್ಣು’. ಜೇಡರ ದಾಸಿಮಯ್ಯನ ವಚನ ಓದಿದವರಿಗೆ ಆ ಹೆಸರು ಎಲ್ಲಿಂದ ಬಂತು ಅನ್ನೋದು ತಕ್ಷಣ ಹೊಳೆಯುತ್ತೆ. ಹೆಣ್ಣು, ಗಂಡು ಅನ್ನೋದು ಹೊರಗಿನ ಗುರುತು ಎಂಬ ಯೋಚನೆ ಕನ್ನಡಕ್ಕೆ ವಿದೇಶದಿಂದ ಬಂದ ಸಾಮಾನಲ್ಲ.

ಈಗ ‘ಜೋಗತಿ’ ಪದವನ್ನೇ ನೋಡಿ. ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳೂ ಜೋಗತಿ. ಗಂಡಾಗಿ ಹುಟ್ಟಿ, ದೇವಿ ಮೈಮೇಲೆ ಬಂದಳು ಅಂತ ಸೀರೆ ಉಟ್ಟವರೂ ಜೋಗತಿ, ಕೆಲವು ಕಡೆ ಜೋಗಪ್ಪ. ಇಲ್ಲಿ ಗುರುತು ನಿಂತಿರೋದು ದೇವಿಯ ಜತೆಗಿನ ಸಂಬಂಧದ ಮೇಲೆ. ಶಸ್ತ್ರಚಿಕಿತ್ಸೆ ಆಗಿದೆಯಾ, ಯಾರ ಮೇಲೆ ಆಸೆ ಅನ್ನೋದು ಇಲ್ಲಿ ಮೊದಲ ಪ್ರಶ್ನೆಯೇ ಅಲ್ಲ. ಜೋಗಪ್ಪಗಳಲ್ಲಿ ಹೆಂಡತಿ ಮಕ್ಕಳಿರುವವರೂ ಇದ್ದಾರೆ. ಹಾಗಾಗಿ ‘ಜೋಗತಿ ಅಂದ್ರೆ ಟ್ರಾನ್ಸ್‌ಜೆಂಡರ್’ ಅಂತ ಅನುವಾದ ಮಾಡಿದರೆ ಅರ್ಧ ಮಾತ್ರ ಸರಿ. ಪಡ್ಡಲಗಿ, ಚೌಡಿಕೆ, ತಲೆ ಮೇಲಿನ ಕೊಡ, ಹುಣ್ಣಿಮೆ, ಜಾತಿ, ಬಡತನ ಇಷ್ಟೂ ಆ ಅನುವಾದದಲ್ಲಿ ಬಿದ್ದುಹೋಗುತ್ತೆ.

ಬಸವಿ: ಸಡಿಲ ಅಂದ ಮಾತ್ರಕ್ಕೆ ಸ್ವಾತಂತ್ರ್ಯ ಅಲ್ಲ

‘ನೋಡಿ, ನಮ್ಮ ಸಂಸ್ಕೃತಿ ಎಷ್ಟು ಉದಾರ’ ಅಂತ ಎದೆ ತಟ್ಟಿಕೊಳ್ಳುವ ಮುಂಚೆ ಇನ್ನೊಂದು ಕತೆ.

19ನೇ ಶತಮಾನದ ಕೊನೆಯಲ್ಲಿ ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್, ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಒಂದು ಪ್ರಬಂಧ ಬರೆದ. ದೇವರಿಗೆ ಬಿಟ್ಟು ಅದರ ಮೂಲಕ ಗಂಡಸಿನ ಹಕ್ಕು ಪಡೆದ ಹೆಂಗಸರು ಅಂತ ಅದರ ಶೀರ್ಷಿಕೆಯಲ್ಲೇ ಹೇಳಿದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಡುತ್ತಿದ್ದರು. ಆಕೆ ಮದುವೆಯಾಗುವಂತಿಲ್ಲ. ಆದರೆ ಮಗನಂತೆ ಆಸ್ತಿಗೆ ವಾರಸುದಾರಳು, ಅಪ್ಪ ಅಮ್ಮನ ಕರ್ಮಾಂತರ ಮಾಡುವವಳು. ದೇಹ ಹೆಣ್ಣಿನದು, ಮನೆಯಲ್ಲಿ ಸ್ಥಾನ ಮಗನದು.

ಕೇಳೋಕೆ ಇದು ಲಿಂಗತ್ವದ ಸಡಿಲತೆಯ ಒಳ್ಳೇ ಉದಾಹರಣೆ ಅನಿಸಬಹುದು. ಆದರೆ ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಬಿಟ್ಟದ್ದು ಹೆಚ್ಚಾಗಿ ದಲಿತ, ಬೇಡರ ಮನೆಯ ಹೆಣ್ಣುಮಕ್ಕಳನ್ನು. ಆಕೆಯ ದೇಹ ಊರ ಬಲಾಢ್ಯರಿಗೆ ಸಲೀಸಾಯ್ತು. ಆ ಕಾರಣಕ್ಕೇ 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಿತು.

ಎರಡು ಕತೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಅಳತೆಗೋಲು ಸಿಗುತ್ತೆ. ಹೆಸರು ಸಡಿಲವಾ ಬಿಗಿಯಾ ಅನ್ನೋದು ಎರಡನೇ ಪ್ರಶ್ನೆ. ಅದನ್ನು ಸಡಿಲ ಮಾಡುವ ಅಧಿಕಾರ ಯಾರ ಕೈಲಿದೆ ಅನ್ನೋದು ಮೊದಲ ಪ್ರಶ್ನೆ. ಬಸವಿಯ ಹೆಸರನ್ನು ಮನೆಯವರು, ಊರವರು, ಪೂಜಾರಿ ಬರೆದರು. ಮಂಜಮ್ಮನಿಗೂ ಮೊದಲು ಬೇರೆಯವರೇ ಬರೆದರು, ಆಮೇಲೆ ಅದೇ ಹೆಸರನ್ನು ಅವರು ತಮ್ಮದು ಮಾಡಿಕೊಂಡರು.

ಹಿಜ್ರಾ, ಕೋತಿ, ಎಂಎಸ್‌ಎಂ

ಬಳ್ಳಾರಿಯಂಥ ನಗರಕ್ಕೆ ಬಂದರೆ ಇನ್ನೊಂದು ಪದಕೋಶ ತೆರೆದುಕೊಳ್ಳುತ್ತೆ. ಹಿಜ್ರಾ ಜಮಾತಿನಲ್ಲಿ ಗುರು, ಚೇಲಾ ಅನ್ನೋ ಸಂಬಂಧ ಮುಖ್ಯ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನಿರ್ವಾಣ, ಮಾಡಿಸಿಕೊಳ್ಳದವರು ಅಕ್ವಾ. ಗಂಡಸರನ್ನು ಬಯಸುವ, ಹೆಣ್ಣಿನ ನಡೆನುಡಿಯ ಗಂಡು ಕೋತಿ. ಕನ್ನಡದಲ್ಲಿ ಕೋತಿ ಅಂದರೆ ಮಂಗ ಆಗಿರೋದರಿಂದ ಹೊಸಬರಿಗೆ ನಗು ಬರುತ್ತೆ, ಆದರೆ ಸಮುದಾಯದ ಒಳಗೆ ಅದು ಬೈಗುಳವಲ್ಲ, ಗುರುತು. ಅವರ ಜೊತೆಗಾರ ಪಂಥಿ. ಎರಡೂ ಪಾತ್ರ ನಿಭಾಯಿಸುವವರು ‘ಡಬಲ್ ಡೆಕ್ಕರ್’. ಕೋತಿಯಾಗಿದ್ದವರು ಮುಂದೆ ಹಿಜ್ರಾ ಜಮಾತಿಗೆ ಸೇರಬಹುದು, ಕೋತಿಯಾಗಿದ್ದುಕೊಂಡೇ ಊರಲ್ಲಿ ಮದುವೆಯಾಗಿ ಮಕ್ಕಳನ್ನು ಸಾಕುತ್ತಿರಬಹುದು. ಗೆರೆಗಳಿವೆ, ಆದರೆ ಅವು ಹೊಲದ ಬದುವಿನ ಥರ, ದಾಟೋಕೆ ಬರುತ್ತೆ.

2000ದ ದಶಕದಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮಗಳು ದೊಡ್ಡ ಹಣದೊಂದಿಗೆ ಬಂದವು. ಅವುಗಳ ಜೊತೆ ‘ಎಂಎಸ್‌ಎಂ’ ಅಂದರೆ ‘ಗಂಡಸರೊಂದಿಗೆ ಲೈಂಗಿಕ ಸಂಪರ್ಕವಿರುವ ಗಂಡಸರು’ ಅನ್ನೋ ವರ್ಗ ಬಂತು. ರೋಗ ಹರಡುವ ದಾರಿ ಲೆಕ್ಕ ಹಾಕೋರಿಗೆ ಅದು ಅನುಕೂಲದ ಪದ. ಆದರೆ ತನ್ನನ್ನು ಹೆಣ್ಣು ಅಂತ ತಿಳಿದವರನ್ನೂ ಅದು ಬಹಳ ಕಾಲ ‘ಗಂಡಸರು’ ಅಂತಲೇ ಎಣಿಸಿತು. ಕಾಂಡೋಮ್ ಬೇಕು, ಪರೀಕ್ಷೆ ಬೇಕು, ಔಷಧಿ ಬೇಕು ಅಂದರೆ ಆ ಪಟ್ಟಿಯೊಳಗೆ ಇರಬೇಕು. ಹಾಗೆ ಒಬ್ಬರೇ ಮನುಷ್ಯ ಕ್ಲಿನಿಕ್ಕಿನಲ್ಲಿ ಎಂಎಸ್‌ಎಂ, ಗೆಳತಿಯರ ನಡುವೆ ಕೋತಿ, ಜಾತ್ರೆಯಲ್ಲಿ ಜೋಗತಿ ಆದರು. ಇದನ್ನು ಸುಳ್ಳು ಅಂತ ಕರೆಯೋಕಾಗಲ್ಲ. ಯಾವ ಬಾಗಿಲಿಗೆ ಯಾವ ಕೀಲಿ ಅನ್ನೋ ತಿಳಿವಳಿಕೆ ಅದು.

ಸಿರುಗುಪ್ಪದ ಕಡೆ ಹೋದರೆ ಆಂಧ್ರದ ಗಡಿ ಹತ್ತಿರ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಬೈಗುಳವೂ ಮೂರು ಭಾಷೆಯಲ್ಲಿ ಸಿಗುತ್ತೆ. ಹೆಣ್ಣಿಗ, ಕೊಜ್ಜಾ, ಚಕ್ಕಾ, ಒಂಬತ್ತು. ಹುಡುಗಿ ಪ್ಯಾಂಟು ಹಾಕಿ ಬೈಕು ಓಡಿಸಿದರೆ ಗಂಡುಬೀರಿ. ಅವಮಾನಕ್ಕೆ ಪದಗಳ ಬರ ಇಲ್ಲ. ತನ್ನನ್ನು ತಾನು ಗೌರವದಿಂದ ಕರೆದುಕೊಳ್ಳೋ ಪದ ಹುಡುಕುವಾಗಲೇ ಬರ. ಹೆಣ್ಣಾಗಿ ಹುಟ್ಟಿ ತಾನು ಗಂಡು ಅಂತ ಅರಿತವರಿಗಂತೂ ಗುಡಿಯಲ್ಲೂ ಜಾಗ ಇಲ್ಲ, ಜಮಾತಿನಲ್ಲೂ ಇಲ್ಲ. ಹಾಗಾಗಿ ‘ಟ್ರಾನ್ಸ್‌ಮ್ಯಾನ್’, ‘ಕ್ವೀರ್’ ಅನ್ನೋ ಹೊರಗಿನ ಪದ ಮೊಬೈಲಿನಲ್ಲಿ ಕಂಡಾಗ ಅವರು ಅದನ್ನು ಹಿಡಿದುಕೊಳ್ಳೋದು ಇಂಗ್ಲಿಷ್ ಮೋಹದಿಂದ ಅಲ್ಲ. ಉಸಿರಾಡೋಕೆ ಸಿಕ್ಕ ಮೊದಲ ಕಿಟಕಿ ಅದು.

ಸಂಡೂರಿನ ಕತೆಗಾರ

‘ಗೇ’ ಅನ್ನೋ ಪದಕ್ಕೂ ಈ ಜಿಲ್ಲೆಯ ನಂಟಿದೆ. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನ ತಂದರು. ಗಂಡು ಗಂಡನ್ನು ಪ್ರೀತಿಸುವ ಕತೆಗಳನ್ನು ಕನ್ನಡದಲ್ಲಿ ಅಷ್ಟು ನೇರವಾಗಿ ಬರೆದಿದ್ದು, ಇದು ನನ್ನ ಬದುಕೂ ಹೌದು ಅಂತ ಲೇಖಕ ಒಪ್ಪಿಕೊಂಡಿದ್ದು ದೊಡ್ಡ ಸುದ್ದಿ ಆಯ್ತು. ಆಗಿನ್ನೂ 377ನೇ ಕಲಂ ಜೀವಂತ ಇತ್ತು. ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರತಂದಿದ್ದು 2018ರ ಸೆಪ್ಟೆಂಬರ್ 6ರಂದು.

ಕಲ್ಲುಕಂಬ ಮತ್ತು ಸಂಡೂರು ಒಂದೇ ಜಿಲ್ಲೆ. ಆದರೆ ಮಂಜಮ್ಮನಿಗೆ ಸಿಕ್ಕಿದ್ದು ಗುಡಿ, ಗುರು, ಕುಣಿತ, ಒಂದು ಗುಂಪು. ಮೋಹನಸ್ವಾಮಿಯಂಥ ಹುಡುಗನ ಪಾಲಿಗೆ ಇದ್ದದ್ದು ಒಂಟಿತನ, ಆಮೇಲೆ ಪುಸ್ತಕ, ಇಂಟರ್ನೆಟ್ಟು, ಬೆಂಗಳೂರು. ಯಾರಿಗೆ ಯಾವ ಹೆಸರು ಒದಗುತ್ತೆ ಅನ್ನೋದನ್ನು ಜಾತಿ, ಓದು, ಕಾಸು, ಊರು ಸೇರಿ ತೀರ್ಮಾನಿಸುತ್ತವೆ. ‘ನಿನಗೆ ಏನನಿಸುತ್ತೋ ಅದಾಗು’ ಅನ್ನೋ ಪೋಸ್ಟರಿನಲ್ಲಿ ಈ ಲೆಕ್ಕ ಇರಲ್ಲ.

ಕಾಗದ ಏನು ಕೇಳುತ್ತೆ?

ಮನುಷ್ಯರು ಹೆಸರುಗಳ ನಡುವೆ ಓಡಾಡಬಹುದು. ಸರ್ಕಾರಿ ಅರ್ಜಿಗೆ ಒಂದೇ ಟಿಕ್ ಬೇಕು.

2011ರ ಜನಗಣತಿಯಲ್ಲಿ ಮೊದಲ ಬಾರಿ ಗಂಡು, ಹೆಣ್ಣು ಜೊತೆಗೆ ‘ಇತರೆ’ ಬಂತು. ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಆ ಖಾನೆಯಲ್ಲಿ ದಾಖಲಾದರು. ಬಾಗಿಲಿಗೆ ಬಂದ ಗಣತಿದಾರರ ಎದುರು, ಮನೆಮಂದಿಯೆಲ್ಲ ಕೂತಿರುವಾಗ, ‘ಇತರೆ’ ಅಂತ ಹೇಳೋ ಧೈರ್ಯ ಇದ್ದವರ ಸಂಖ್ಯೆ ಅದು. ಅದನ್ನೇ ಒಟ್ಟು ಸಂಖ್ಯೆ ಅಂದುಕೊಳ್ಳಬೇಡಿ.

ಅದೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ನಪುಂಸಕರು ಅನ್ನೋ ಅರ್ಥದ ಇಂಗ್ಲಿಷ್ ಪದ ಬಳಸಿ, ಅವರ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಆ ಪದ ಹೊರಬಿತ್ತು. ಅಂದರೆ ಒಂದು ಇಲಾಖೆ ಲೆಕ್ಕಕ್ಕೆ ಕರೆದಾಗ ಇನ್ನೊಂದು ಇಲಾಖೆ ಠಾಣೆಗೆ ಕರೆಯುವ ಕಾಲ ಅದು. ಹೆಸರು ಹೇಳದೆ ಉಳಿದವರು ಪುಕ್ಕಲರೇನಲ್ಲ.

2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವವನ್ನು ತೀರ್ಮಾನಿಸೋದು ಆ ವ್ಯಕ್ತಿಯೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಸಲ್ಲದು ಅಂತ ಹೇಳಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಆ ಮಾತನ್ನು ಅರ್ಧ ಉಳಿಸಿಕೊಂಡಿತು. ಆಗ ಅಂಗೀಕಾರವಾದ ರೂಪದಲ್ಲಿ, ‘ಟ್ರಾನ್ಸ್‌ಜೆಂಡರ್’ ಅಂತ ಪ್ರಮಾಣಪತ್ರ ಬೇಕಿದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ‘ಹೆಣ್ಣು’ ಅಥವಾ ‘ಗಂಡು’ ಅಂತಲೇ ಬೇಕಿದ್ದರೆ ಶಸ್ತ್ರಚಿಕಿತ್ಸೆ ಆದ ಬಗ್ಗೆ ಆಸ್ಪತ್ರೆಯ ಪತ್ರ ತರಬೇಕು. ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿ ಕಿನ್ನರ್, ಹಿಜ್ರಾ, ಅರವಾಣಿ ಜತೆ ‘ಜೋಗ್ತಾ’ ಕೂಡ ಇದೆ. ದೇವಿಯ ಸಂಬಂಧದ ಹೆಸರು ದಿಲ್ಲಿಗೆ ಹೋಗಿ ಒಂದು ಕಾನೂನಿನ ಉಪವರ್ಗ ಆಯ್ತು.

ಎಲ್ಲವೂ ಕೆಟ್ಟದ್ದೇ ಅಲ್ಲ. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ 1ರಷ್ಟು ಸಮತಲ ಮೀಸಲಾತಿ ತಂದಿತು. ‘ಸಮತಲ’ ಅನ್ನೋದು ಇಲ್ಲಿ ಮುಖ್ಯ ಪದ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ, ಪ್ರತಿಯೊಂದರ ಒಳಗೂ ಶೇ 1. ಹಾಗಾಗಿ ಕುರುಗೋಡಿನ ಒಬ್ಬ ದಲಿತ ಟ್ರಾನ್ಸ್ ಮಹಿಳೆ ‘ನಾನು ದಲಿತಳಾ, ಟ್ರಾನ್ಸ್ ಆ’ ಅಂತ ಒಂದನ್ನು ಬಿಟ್ಟು ಇನ್ನೊಂದು ಆರಿಸಬೇಕಿಲ್ಲ. ಎರಡು ಹೆಸರು ಒಟ್ಟಿಗೆ ಇಟ್ಟುಕೊಳ್ಳೋ ಹಕ್ಕು ಅಂದರೆ ಹೀಗಿರುತ್ತೆ.

2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಪ್ರಯಾಣ ಉಚಿತ. ಈಗ ಯೋಚಿಸಿ: ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸಿನಲ್ಲಿ ಸೀರೆ ಉಟ್ಟವರ ಆಧಾರ್ ಕಾರ್ಡಿನಲ್ಲಿ ಇನ್ನೂ ‘ಪುರುಷ’ ಅಂತಿದೆ. ಕಂಡಕ್ಟರ್ ನಂಬಬೇಕಾದ್ದು ಕಾರ್ಡನ್ನಾ, ಎದುರಿಗೆ ಕೂತವರ ಮಾತನ್ನಾ? ಗುರುತಿನ ರಾಜಕೀಯ ಅನ್ನೋದು ಸೆಮಿನಾರ್ ಹಾಲಿನಲ್ಲಿ ಅಷ್ಟೇ ಇಲ್ಲ. ಶೂನ್ಯ ಟಿಕೆಟ್ಟಿನಲ್ಲೂ ಇದೆ.

‘ದಿನಕ್ಕೊಂದು ಹೆಸರು, ಇದು ಫ್ಯಾಶನ್ ಅಲ್ವಾ?’

ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಸಾ ಡೈಮಂಡ್, ತಮ್ಮನ್ನು ಲೆಸ್ಬಿಯನ್, ಬೈಸೆಕ್ಷುಯಲ್, ಅಥವಾ ಯಾವ ಹೆಸರೂ ಬೇಡ ಅಂದ ಸುಮಾರು 80 ಮಹಿಳೆಯರನ್ನು ಹತ್ತು ವರ್ಷ ಮಾತಾಡಿಸುತ್ತಾ ಹೋದರು. ಅದರ ಮೇಲೆ 2008ರಲ್ಲಿ ಪುಸ್ತಕ ಬಂತು. ಮೂರನೇ ಎರಡರಷ್ಟು ಮಂದಿ ಈ ಅವಧಿಯಲ್ಲಿ ಒಮ್ಮೆಯಾದರೂ ತಮ್ಮ ಹೆಸರು ಬದಲಿಸಿಕೊಂಡಿದ್ದರು. ಕಾರಣ ಹುಡುಗಾಟ ಆಗಿರಲಿಲ್ಲ. ಬದುಕು ಮುಂದೆ ಹೋದಂತೆ ಹಳೇ ಪದ ಬಿಗಿಯಾಯ್ತು.

ಇಲ್ಲಿ ಒಂದು ಎಚ್ಚರ ಬೇಕು. ‘ಹೆಸರು ಬದಲಾಗುತ್ತೆ ಅಂದ್ರೆ ನಿನ್ನನ್ನೂ ಬದಲಾಯಿಸಬಹುದು’ ಅಂತ ಹೇಳಿಕೊಂಡು ಮಂತ್ರ, ಮಾತ್ರೆ, ಮದುವೆ ಹಿಡಿದು ಬರುವವರಿದ್ದಾರೆ. ತಾನಾಗಿ ಬದಲಾಗೋದು ಬೇರೆ, ಬಲವಂತವಾಗಿ ಬದಲಿಸೋದು ಬೇರೆ. ಒಂದು ನದಿ ತಾನೇ ದಿಕ್ಕು ಬದಲಿಸೋದಕ್ಕೂ ಅಣೆಕಟ್ಟು ಕಟ್ಟಿ ತಿರುಗಿಸೋದಕ್ಕೂ ಇರುವ ವ್ಯತ್ಯಾಸ ತುಂಗಭದ್ರೆಯ ದಂಡೆಯವರಿಗೆ ಹೇಳಿಕೊಡಬೇಕಾ? ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇಂಥ ‘ಸರಿಪಡಿಸುವ ಚಿಕಿತ್ಸೆ’ ಕೊಡೋದು ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿತು. ಅದರ ಹಿಂದೆ ಇದ್ದದ್ದು ಮದ್ರಾಸ್ ಹೈಕೋರ್ಟಿನಲ್ಲಿ ಇಬ್ಬರು ಯುವತಿಯರು ಮನೆಯವರಿಂದ ರಕ್ಷಣೆ ಕೇಳಿದ ಪ್ರಕರಣ. ಅದೇ ಪ್ರಕರಣದ ಮುಂದುವರಿಕೆಯಾಗಿ ತಮಿಳುನಾಡು ಸರ್ಕಾರ 2022ರಲ್ಲಿ ಗೌರವದ ತಮಿಳು ಪದಗಳ ಪಟ್ಟಿಯನ್ನೇ ಪ್ರಕಟಿಸಿತು. ಪದ ಕೂಡ ಹಕ್ಕಿನ ಭಾಗ ಅಂತ ಒಂದು ಸರ್ಕಾರಕ್ಕೆ ಅರ್ಥ ಆದದ್ದು ಹೀಗೆ.

ಹಾಗಾದ್ರೆ ಹೇಗೆ ಕರೆಯೋದು?

ಸುಲಭ. ಅವರು ಹೇಗೆ ಕರೆದುಕೊಳ್ತಾರೋ ಹಾಗೆ. ಗೊತ್ತಿಲ್ಲದಿದ್ದರೆ ಕೇಳಿ. ಕೇಳೋಕೆ ಸಂಕೋಚ ಆದರೆ ಕನ್ನಡವೇ ಕೈ ಹಿಡಿಯುತ್ತೆ. ‘ಬಂದ’, ‘ಬಂದಳು’ ಅನ್ನುವಲ್ಲಿ ಲಿಂಗ ಇದೆ, ‘ಅವರು ಬಂದರು’ ಅನ್ನುವಲ್ಲಿ ಇಲ್ಲ. ‘ನಾನು ಬಂದೆ’, ‘ನೀವು ಬಂದ್ರಾ’ ಅನ್ನುವಾಗಲೂ ಇಲ್ಲ. ಇಂಗ್ಲಿಷಿನವರು ಒಬ್ಬರಿಗೆ ಬಹುವಚನ ಬಳಸೋದು ಸರಿಯಾ ಅಂತ ಈಗ ಜಗಳ ಆಡ್ತಿದ್ದಾರೆ. ನಾವು ಮೇಷ್ಟ್ರಿಗೂ ಅತ್ತೆಗೂ ಅದನ್ನು ದಿನಾ ಬಳಸ್ತೀವಿ. ಆ ಗೌರವವನ್ನು ಇನ್ನೊಬ್ಬರಿಗೆ ವಿಸ್ತರಿಸಬೇಕು ಅಷ್ಟೇ.

‘ಮಂಗಳಮುಖಿ’ ಪದ ಕೆಲವರಿಗೆ ಗೌರವ, ಕೆಲವರಿಗೆ ಅದು ತಮ್ಮನ್ನು ಹರಕೆಯ ಗೊಂಬೆ ಮಾಡುತ್ತೆ ಅನ್ನೋ ಕಿರಿಕಿರಿ. ‘ತೃತೀಯ ಲಿಂಗಿ’ ಅಂದರೆ ಮೊದಲನೆಯದು, ಎರಡನೆಯದು ಯಾರು ಅಂತ ಕೇಳುವವರಿದ್ದಾರೆ. ‘ಸಲಿಂಗಕಾಮಿ’ ಅನ್ನುವಾಗ ಪ್ರೀತಿ, ಸಂಸಾರ, ಜಗಳ, ಅಡುಗೆ ಎಲ್ಲ ಹೋಗಿ ಕಾಮ ಒಂದೇ ಉಳಿಯುತ್ತೆ. ಗಂಡ ಹೆಂಡತಿಯನ್ನು ನಾವು ‘ಭಿನ್ನಲಿಂಗಕಾಮಿಗಳು’ ಅಂತ ಪರಿಚಯಿಸಲ್ಲ, ಅಲ್ವಾ? ಯಾವ ಪದವೂ ಶಾಶ್ವತವಾಗಿ ಸರಿಯಲ್ಲ. ಅದಕ್ಕೇ ಪಟ್ಟಿ ಬಾಯಿಪಾಠ ಮಾಡೋದಕ್ಕಿಂತ ಕಿವಿ ತೆರೆದಿಡೋದು ಮೇಲು.

2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಟ್ರಾನ್ಸ್ ಮಹಿಳೆಯ ಅರ್ಜಿಯಲ್ಲಿ, ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರು, ಲಿಂಗದ ಜತೆ ಹೊಸದನ್ನೂ ದಾಖಲಿಸುವಂತೆ ಹೇಳಿತು. ಹಳೆಯದು ಕಾಗದದಲ್ಲಿ ಉಳಿಯೋದು ಕೆಲವರಿಗೆ ಗಾಯ, ಕೆಲವರಿಗೆ ಅನುಕೂಲ. ಯಾವುದು ಅಂತ ಅವರೇ ಹೇಳಬೇಕು.

ಕೊನೆಗೂ ಪ್ರಶ್ನೆ ಅದೇ: ‘ನೀನು ನಿಜವಾಗ್ಲೂ ಏನು?’ ಕಲ್ಲುಕಂಬದ ಆ ಹುಡುಗಿ ವಿಷದ ಬಾಟಲಿ ಕೈಗೆತ್ತಿಕೊಂಡಾಗ ಅವಳ ಹತ್ತಿರ ಹೆಸರು ಇರಲಿಲ್ಲ ಅಂತಲ್ಲ. ಬೇರೆಯವರು ಕೊಟ್ಟ ಹೆಸರುಗಳು ಬೇಕಾದಷ್ಟು ಇದ್ದವು. ಅವಳು ಹೇಳಿದ್ದನ್ನು ನಂಬುವವರು ಇರಲಿಲ್ಲ. ಇವತ್ತು ಸಿರುಗುಪ್ಪದ ಯಾವುದೋ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ಒಂದೊಂದೇ ಪದ ಹುಡುಕುತ್ತಿರುವ ಮಗು ನಾಳೆ ಬಂದು ಏನೋ ಒಂದು ಹೇಳುತ್ತೆ. ಆರು ತಿಂಗಳ ಮೇಲೆ ಬೇರೆ ಪದ ಹೇಳಲೂಬಹುದು. ಎರಡು ಸಲವೂ ನಂಬಿ. ಊರಿನ ಹೆಸರು ತಿದ್ದೋಕೆ ಸರ್ಕಾರಕ್ಕೇ ಅಷ್ಟು ವರ್ಷ ಬೇಕಾಯ್ತು, ಒಂದು ಮಗುವಿಗೆ ಆರು ತಿಂಗಳು ಕೊಡೋಕೆ ನಮಗೇನು ಕಷ್ಟ?